ಕುತ್ತಿಗೆಯ ನೆಟಿಗೆ ತೆಗೆಸಿದರೆ ಲಕ್ವಾ ಹೊಡೆಯುತ್ತದೆಯೇ? ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಬಿಟ್ಟುಹೋದದ್ದೇನು?

ನಿಮ್ಮ ಊರಿನ ಯಾವುದಾದರೊಂದು ವಾಟ್ಸಾಪ್ ಗ್ರೂಪಿನಲ್ಲಿ ಈ ಧಾಟಿಯ ಸಂದೇಶ ಬಂದೇ ಇರುತ್ತದೆ: ‘ಕಟಿಂಗ್ ಆದ ಮೇಲೆ ಕುತ್ತಿಗೆ ತಿರುವಿಸಿ ನೆಟಿಗೆ ತೆಗೆಸಬೇಡಿ. ನರ ಕಟ್ಟಾಗಿ ಲಕ್ವಾ ಹೊಡೆಯುತ್ತದೆ. ತಪ್ಪದೆ ಎಲ್ಲರಿಗೂ ಕಳಿಸಿ.’ ಜತೆಗೆ ಯಾರೋ ಒಬ್ಬರು ಗಿರಾಕಿಯ ತಲೆ ಹಿಡಿದು ಲಟಕ್ಕನೆ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೊ. ಅದರ ಕೆಳಗೆ ಎರಡು ಬಗೆಯ ಉತ್ತರಗಳು ಖಾಯಂ. ಒಂದು, ‘ನಲವತ್ತು ವರ್ಷ ಆತು ತೆಗೆಸಾಕತ್ತು, ನನಗೇನೂ ಆಗಿಲ್ಲ.’ ಇನ್ನೊಂದು, ‘ನಮ್ಮ ಓಣ್ಯಾಗ ಒಬ್ಬರಿಗೆ ಹಿಂಗ ಆಗೇತಿ.’

ಚುಟುಕಾಗಿ ಹೇಳುವುದಾದರೆ, ಸಂದೇಶದ ತಿರುಳು ಸುಳ್ಳಲ್ಲ. ಕುತ್ತಿಗೆಯನ್ನು ರಭಸದಿಂದ ತಿರುಚಿದಾಗ ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಸೀಳಬಹುದು, ಅದರಿಂದ ಪಾರ್ಶ್ವವಾಯು ಆಗಬಹುದು. ಆದರೆ ಇದು ತೀರಾ ಅಪರೂಪ. ತಿರುಚದೆಯೂ ಹೀಗಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೀಗಾದಾಗ ಏನು ಮಾಡಬೇಕು ಎಂಬುದನ್ನು ಆ ಸಂದೇಶ ಹೇಳುವುದೇ ಇಲ್ಲ. ಹೇಳುವ ಬೇರೆ ಕೆಲವು ಫಾರ್ವರ್ಡ್‌ಗಳು ತಪ್ಪು ದಾರಿ ತೋರಿಸುತ್ತವೆ. ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಯಲ್ಲಿದ್ದವರಿಗೆ ಆ ತಪ್ಪು ದಾರಿ ತುಟ್ಟಿಯಾಗುತ್ತದೆ.

ಮೂರು ಘಟನೆ, ಒಂದೇ ಫಾರ್ವರ್ಡ್

ಈ ಸಂದೇಶಕ್ಕೆ ಮೂಲವಾದ ಘಟನೆಗಳು ನಿಜವಾಗಿಯೂ ನಡೆದಿವೆ. ಅವು ಮೂರು. ಮೂರೂ ಬೇರೆ ಬೇರೆ.

ನಮಗೆ ಹತ್ತಿರದ್ದು 2024ರದು. ಬಳ್ಳಾರಿ ಮೂಲದ 30 ವರ್ಷದ ಒಬ್ಬ ಯುವಕ ಬೆಂಗಳೂರಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಿದ್ದ. ಕಟಿಂಗ್ ಮುಗಿದ ಮೇಲೆ ಅಂಗಡಿಯಲ್ಲಿ ಬಿಟ್ಟಿಯಾಗಿ ತಲೆ ಮಸಾಜ್ ಮಾಡಿದರು, ಕೊನೆಗೆ ಕುತ್ತಿಗೆ ತಿರುವಿದರು. ಆ ಕ್ಷಣವೇ ನೋವು ಕಾಣಿಸಿತು. ಮನೆಗೆ ಹೋದ ಸುಮಾರು ಒಂದು ತಾಸಿನಲ್ಲಿ ಮಾತು ತೊದಲಿತು, ಎಡಗಡೆಯ ಬಲ ಕುಂದಿತು. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಕುತ್ತಿಗೆಯ ಮುಂಭಾಗದ ರಕ್ತನಾಳ ಸೀಳಿದ್ದು ಗೊತ್ತಾಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಕೊಟ್ಟರು. ಚೇತರಿಸಿಕೊಳ್ಳಲು ಸುಮಾರು ಎರಡು ತಿಂಗಳು ಬೇಕಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಇದು ವರದಿಯಾಯಿತು.

ಎರಡನೆಯದು 2022ರ ಹೈದರಾಬಾದಿನದು. 50 ವರ್ಷದ ಮಹಿಳೆಯೊಬ್ಬರು ಬ್ಯೂಟಿ ಪಾರ್ಲರ್‌ನಲ್ಲಿ ಕುತ್ತಿಗೆ ಹಿಂದಕ್ಕೆ ಬಾಗಿಸಿ ಕೂದಲು ತೊಳೆಸಿಕೊಂಡರು. ಅಲ್ಲೇ ತಲೆ ತಿರುಗಿತು, ವಾಂತಿ ಬಂತು. ಮೊದಲು ಅವರು ತೋರಿಸಿದ್ದು ಹೊಟ್ಟೆಯ ಡಾಕ್ಟರಿಗೆ. ಮರುದಿನ ನಡೆಯುವಾಗ ತೂರಾಡತೊಡಗಿದ ಮೇಲೆ ನರರೋಗ ತಜ್ಞರ ಬಳಿ ಬಂದರು. ಮಿದುಳಿನ ಹಿಂಭಾಗದಲ್ಲಿ ಪಾರ್ಶ್ವವಾಯು ಆಗಿತ್ತು. ಇಲ್ಲಿ ರಕ್ತನಾಳ ಹರಿದಿತ್ತು ಎಂದಲ್ಲ, ಕುತ್ತಿಗೆ ಬಾಗಿದಾಗ ನಾಳ ಅದುಮಿತ್ತು ಎಂಬುದು ಚಿಕಿತ್ಸೆ ನೀಡಿದ ವೈದ್ಯರ ವಿವರಣೆ. ಅಮೆರಿಕದ ವೈದ್ಯ ಮೈಕೆಲ್ ವೈನ್‌ಟ್ರಾಬ್ 1993ರಲ್ಲೇ ಇಂಥ ಐದು ಪ್ರಕರಣಗಳನ್ನು ‘ಬ್ಯೂಟಿ ಪಾರ್ಲರ್ ಸ್ಟ್ರೋಕ್’ ಎಂಬ ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದರು.

ಮೂರನೆಯದು 2017ರ ದೆಹಲಿಯದು. 54 ವರ್ಷದ ವ್ಯಕ್ತಿಯೊಬ್ಬರು ಕುತ್ತಿಗೆಯ ನೆಟಿಗೆ ತೆಗೆಸಿದ ನಂತರ ಉಸಿರಾಟದ ತೊಂದರೆಗೆ ಸಿಕ್ಕಿದರು. ಅವರದು ಲಕ್ವಾ ಅಲ್ಲ. ಉಸಿರಾಡಿಸುವ ವಪೆ ಎಂಬ ಸ್ನಾಯುವಿಗೆ ಹೋಗುವ ನರಕ್ಕೆ ಪೆಟ್ಟಾಗಿತ್ತು.

ಒಂದರಲ್ಲಿ ರಕ್ತನಾಳ ಹರಿದಿತ್ತು, ಒಂದರಲ್ಲಿ ಅದುಮಿತ್ತು, ಇನ್ನೊಂದರಲ್ಲಿ ನರಕ್ಕೆ ಪೆಟ್ಟು. ಫಾರ್ವರ್ಡ್‌ನಲ್ಲಿ ಮೂರೂ ಸೇರಿ ‘ನರ ಕಟ್ಟಾಯಿತು’ ಆಗಿಬಿಟ್ಟಿದೆ. ಇದಕ್ಕೆ ನಮ್ಮ ಆಡುಮಾತೂ ಕಾರಣ. ಕೈಯಲ್ಲಿ ಹಸಿರಾಗಿ ಕಾಣುವ ರಕ್ತನಾಳಕ್ಕೂ ನಾವು ‘ನರ’ ಎನ್ನುತ್ತೇವೆ, ಸೊಂಟದಿಂದ ಕಾಲಿಗೆ ಹರಿಯುವ ನೋವಿಗೂ ‘ನರ ಹಿಡಿದಿದೆ’ ಎನ್ನುತ್ತೇವೆ. ವೈದ್ಯರ ಲೆಕ್ಕದಲ್ಲಿ ನರ ಎಂದರೆ ಸಂದೇಶ ಒಯ್ಯುವ ತಂತಿ, ರಕ್ತನಾಳ ಎಂದರೆ ರಕ್ತ ಒಯ್ಯುವ ಕೊಳವೆ. ಈ ಲೇಖನ ಕೊಳವೆಯದು.

ಒಳಗೆ ಹರಿಯುವುದು ಏನು?

ಮಿದುಳಿಗೆ ಕುತ್ತಿಗೆಯ ಮೂಲಕ ನಾಲ್ಕು ಮುಖ್ಯ ರಕ್ತನಾಳಗಳು ಹೋಗುತ್ತವೆ. ಗಂಟಲಿನ ಎರಡೂ ಬದಿಗೆ ಬೆರಳಿಟ್ಟರೆ ಬಡಿತ ಸಿಗುತ್ತದಲ್ಲ, ಅವು ಮುಂದಿನ ಎರಡು, ಕೆರೋಟಿಡ್ ನಾಳಗಳು. ಹಿಂದಿನ ಎರಡು ಕೈಗೆ ಸಿಗುವುದಿಲ್ಲ. ವರ್ಟೆಬ್ರಲ್ ಎಂಬ ಆ ನಾಳಗಳು ಕುತ್ತಿಗೆಯ ಬೆನ್ನುಮೂಳೆಯ ಮಣಿಗಳಲ್ಲಿರುವ ತೂತುಗಳೊಳಗೆ ಹಾದು ಮೇಲೇರುತ್ತವೆ. ತಲೆಬುರುಡೆಯ ಕೆಳಗಿನ ಮೊದಲ ಮಣಿಯ ಹತ್ತಿರ ಸೊಟ್ಟಗೆ ಬಳಸಿ ಒಳಗೆ ಹೋಗುತ್ತವೆ. ನಾವು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವಾಗ ಹೆಚ್ಚು ತಿರುಗುವುದು ಇದೇ ಜಾಗ. ನಿಧಾನವಾಗಿ ತಿರುಗಿದರೆ ನಾಳ ಹೊಂದಿಕೊಳ್ಳುತ್ತದೆ. ಝಟಕಾ ಕೊಟ್ಟರೆ ಜಗ್ಗುತ್ತದೆ.

ನಾಳದ ಗೋಡೆಗೆ ಮೂರು ಪದರಗಳಿವೆ. ಹೊಲಕ್ಕೆ ಔಷಧ ಹೊಡೆಯುವ ಸ್ಪ್ರೇಯರ್ ಪೈಪ್ ನೋಡಿರುತ್ತೀರಿ, ಅದೂ ಪದರ ಪದರವಾಗಿಯೇ ಇರುತ್ತದೆ. ಹೊರಗಿನಿಂದ ಪೈಪ್ ಸರಿಯಾಗಿಯೇ ಇದ್ದು ಒಳಗಿನ ಪದರವಷ್ಟೇ ಸೀಳಿದೆ ಎಂದುಕೊಳ್ಳಿ. ಒತ್ತಡದ ನೀರು ಆ ಸೀಳಿನಿಂದ ಪದರಗಳ ನಡುವೆ ನುಗ್ಗುತ್ತದೆ. ಒಳಪದರ ಒಳಕ್ಕೆ ಉಬ್ಬಿ ದಾರಿ ಕಿರಿದಾಗುತ್ತದೆ. ಕುತ್ತಿಗೆಯಲ್ಲಿ ಆಗುವುದೂ ಇದೇ. ಫಾರ್ವರ್ಡ್ ಓದಿದವರು ಊಹಿಸುವಂತೆ ನಾಳ ತುಂಡಾಗಿ ರಕ್ತ ಚಿಮ್ಮುವುದಿಲ್ಲ. ಸೀಳಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಕಳಚಿ ಮಿದುಳಿಗೆ ಹೋಗಿ ಸಣ್ಣ ನಾಳವನ್ನು ಮುಚ್ಚಿದರೆ ಅದೇ ಪಾರ್ಶ್ವವಾಯು. ಕೆಲವೊಮ್ಮೆ ದಾರಿಯೇ ಪೂರ್ತಿ ಮುಚ್ಚಿಹೋಗಿಯೂ ಆಗುತ್ತದೆ.

ಹೆಪ್ಪುಗಟ್ಟಲು, ಕಳಚಲು ಸಮಯ ಬೇಕು. ಆದ್ದರಿಂದಲೇ ಸೀಳಿದ ಗಳಿಗೆಗೂ ಲಕ್ವಾ ಹೊಡೆಯುವ ಗಳಿಗೆಗೂ ನಡುವೆ ಕೆಲವು ನಿಮಿಷ, ಕೆಲವು ತಾಸು, ಎಷ್ಟೋ ಸಲ ಕೆಲವು ದಿನಗಳ ಅಂತರ ಇರುತ್ತದೆ. ಅಪಾಯ ಹೆಚ್ಚಿರುವುದು ಮೊದಲ ಎರಡು ವಾರ. ಆ ನಡುವಿನ ಅವಧಿಯಲ್ಲಿ ಗೊತ್ತಾದರೆ ಪಾರ್ಶ್ವವಾಯುವನ್ನೇ ತಡೆಯಲು ಅವಕಾಶ ಇರುತ್ತದೆ.

ಅಂದಹಾಗೆ, ಆ ‘ಲಟ್’ ಸದ್ದು. ಅದು ಮೂಳೆ ಸರಿಹೋದ ಸದ್ದಲ್ಲ, ವಾಯು ಹೊರಬಿದ್ದ ಸದ್ದೂ ಅಲ್ಲ. ಕೀಲಿನೊಳಗೆ ಜಿಡ್ಡಾದ ದ್ರವ ಇರುತ್ತದೆ. ಕೀಲನ್ನು ಜಗ್ಗಿದಾಗ ಅದರಲ್ಲಿ ಥಟ್ಟನೆ ಗುಳ್ಳೆ ಉಂಟಾಗುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಬೆರಳಿನ ನೆಟಿಗೆ ಮುರಿಯುವಾಗಲೇ ಎಂಆರ್‌ಐ ತೆಗೆದು ಇದನ್ನು ತೋರಿಸಿದರು. ಸದ್ದು ಬಂದರೆ ಹಗುರ ಅನ್ನಿಸುವುದು ನಿಜ, ಆದರೆ ಸದ್ದು ಬಂತೆಂದು ಏನೋ ಗುಣವಾಯಿತು ಎಂದರ್ಥವಲ್ಲ.

ಮೊದಲು ಸೀಳಿದ್ದೋ, ಮೊದಲು ತಿರುವಿದ್ದೋ?

ಅಮೆರಿಕ, ಯೂರೋಪಿನ ಅಧ್ಯಯನಗಳ ಪ್ರಕಾರ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಮೂವರಿಗೆ ಕುತ್ತಿಗೆಯ ನಾಳ ಸೀಳುತ್ತದೆ. ನಮ್ಮಲ್ಲೂ ಅದೇ ದರ ಇದೆ ಎಂದಿಟ್ಟುಕೊಂಡರೆ, 2011ರ ಜನಗಣತಿಯಲ್ಲಿ 18.47 ಲಕ್ಷ ಜನರಿದ್ದ ಧಾರವಾಡ ಜಿಲ್ಲೆಯಲ್ಲಿ ವರ್ಷಕ್ಕೆ ಐವತ್ತರ ಆಸುಪಾಸು. ರಕ್ತನಾಳ ಮುಚ್ಚಿ ಆಗುವ ಎಲ್ಲ ಪಾರ್ಶ್ವವಾಯುಗಳಲ್ಲಿ ಇದರ ಪಾಲು ಶೇ 2ರಷ್ಟು ಮಾತ್ರ. ಉಳಿದವಕ್ಕೆಲ್ಲ ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಹೃದಯದ ತೊಂದರೆ ಇವೇ ಮುಖ್ಯ ಕಾರಣ. ಆದರೆ ಐವತ್ತರೊಳಗಿನವರನ್ನಷ್ಟೇ ನೋಡಿದರೆ ಚಿತ್ರ ಬದಲಾಗುತ್ತದೆ. ಅವರಲ್ಲಿ ಐದರಲ್ಲಿ ಒಂದು ಪಾರ್ಶ್ವವಾಯುವಿಗೆ, ಕೆಲವು ಲೆಕ್ಕದಲ್ಲಿ ನಾಲ್ಕರಲ್ಲಿ ಒಂದಕ್ಕೆ, ಈ ಸೀಳು ಕಾರಣ. ‘ಇಷ್ಟು ಸಣ್ಣ ವಯಸ್ಸಿನವರಿಗೆ ಎಲ್ಲಿಯ ಲಕ್ವಾ’ ಎನ್ನುವವರು ಇದನ್ನು ತಿಳಿದಿರಬೇಕು.

ಇನ್ನು ತಿರುವುವುದರ ವಿಷಯ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತಮಾಷೆಯ ಸಂಗತಿ ಹೇಳಿತು. ಕುತ್ತಿಗೆ ತಿರುವಿ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟರ್‌ಗಳ ಬಳಿ ಹೋದವರಲ್ಲಿ ಹಿಂಭಾಗದ ಪಾರ್ಶ್ವವಾಯು ಹೆಚ್ಚು ಕಂಡಿತ್ತು, ಸರಿ. ಆದರೆ ಕುತ್ತಿಗೆ ಮುಟ್ಟದೆ ಮಾತ್ರೆ ಬರೆದುಕೊಡುವ ಸಾಮಾನ್ಯ ಡಾಕ್ಟರ ಬಳಿ ಹೋದವರಲ್ಲೂ ಹಾಗೇ ಹೆಚ್ಚು ಕಂಡಿತ್ತು! ಅರ್ಥ ಏನೆಂದರೆ, ಅವರಲ್ಲಿ ಹಲವರ ನಾಳ ಮೊದಲೇ ಸೀಳಿದ್ದಿರಬಹುದು. ಅದರ ನೋವಿಗಾಗಿಯೇ ಅವರು ಚಿಕಿತ್ಸೆ ಹುಡುಕಿಕೊಂಡು ಹೋಗಿರಬಹುದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಎರಡಕ್ಕೂ ನಂಟು ಇದೆ, ಕಾರಣ ಅದೇ ಎಂದು ಸಾಬೀತಾಗಿಲ್ಲ, ಆದರೆ ತಿರುವುವ ಮೊದಲು ಅಪಾಯವನ್ನು ರೋಗಿಗೆ ತಿಳಿಸಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಈ ಅನುಮಾನ ನೆಟಿಗೆಯ ಪರವಾಗಿ ಏನನ್ನೂ ಹೇಳುವುದಿಲ್ಲ. ಮೊದಲೇ ಸೀಳಿದ ನಾಳವಿದ್ದವರ ಕುತ್ತಿಗೆ ತಿರುವಿದರೆ ಹೆಪ್ಪು ಕಳಚುವ ಭಯ ಇದ್ದೇ ಇದೆ. ಯಾರದು ಸೀಳಿದೆ, ಯಾರದು ಸೀಳಿಲ್ಲ ಎಂದು ಕತ್ತರಿ ಹಿಡಿದವರಿಗೆ ತಿಳಿಯುವುದು ಹೇಗೆ? ಸಿಗುವುದು ಎರಡು ನಿಮಿಷದ ಹಗುರ, ಅದಕ್ಕೆ ಇಷ್ಟು ಸಣ್ಣದಾದರೂ ಇಂಥ ಅಪಾಯ ಯಾಕೆ? ‘ನಲವತ್ತು ವರ್ಷದಿಂದ ಏನೂ ಆಗಿಲ್ಲ’ ಎಂಬುದು ನಿಜವೇ, ಅಪರೂಪದ್ದು ಎಂದರೆ ಅರ್ಥವೇ ಅದು.

ಒಂದು ಮಾತು ಸೇರಿಸಬೇಕು. ಈ ಫಾರ್ವರ್ಡ್ ಕೆಲವು ಗ್ರೂಪುಗಳಲ್ಲಿ ಕ್ಷೌರಿಕರನ್ನು ಹೀಗಳೆಯುವ ಮಾತಿಗೆ ತಿರುಗುತ್ತದೆ. ಅದು ಸರಿಯಲ್ಲ. ಎಷ್ಟೋ ಕಡೆ ‘ಸ್ವಲ್ಪ ಕುತ್ತಿಗಿ ತಗೀರಿ’ ಎಂದು ಕೇಳುವವರು ಗಿರಾಕಿಗಳೇ. ಸವಿತಾ ಸಮಾಜದವರೋ ಹಡಪದ ಸಮಾಜದವರೋ ತಲೆತಲಾಂತರದಿಂದ ಮಾಡಿಕೊಂಡು ಬಂದ ಕಸುಬಿನಲ್ಲಿ ಎಣ್ಣೆ ಹಚ್ಚಿ ತಲೆ, ಹೆಗಲು ತಿಕ್ಕುವುದರಿಂದ ಯಾವ ತೊಂದರೆಯೂ ಇಲ್ಲ. ಕೊನೆಯ ಆ ಝಟಕಾ ಒಂದು ಬೇಡ ಎಂದರೆ ಸಾಕು.

ಅಷ್ಟಕ್ಕೂ ನಮ್ಮ ಹಳ್ಳಿಗಳಲ್ಲಿ ಕುತ್ತಿಗೆಗೆ ಪೆಟ್ಟು ಬೀಳುವುದು ಕಟಿಂಗ್ ಅಂಗಡಿಯಲ್ಲಿ ಮಾತ್ರವಲ್ಲ. ರಾಶಿ ಮಾಡುವಾಗ ಮಷೀನಿನ ಬೆಲ್ಟಿಗೆ ಸೆರಗು, ಟವೆಲ್ ಸಿಕ್ಕಿ ಕುತ್ತಿಗೆ ಬಿಗಿದ ಪ್ರಕರಣಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬೈಕಿನ ಹಿಂದಿನ ಗಾಲಿಗೆ ದುಪಟ್ಟಾ ಸುತ್ತಿಕೊಂಡದ್ದೂ ಹಾಗೆಯೇ. ಈ ಬಗೆಯ ಗಾಯಕ್ಕೆ ವೈದ್ಯರಲ್ಲಿ ಇಸಡೊರಾ ಡಂಕನ್ ಹೆಸರು ಬಳಕೆಯಲ್ಲಿದೆ. 1927ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಆ ಪ್ರಸಿದ್ಧ ನರ್ತಕಿಯ ಉದ್ದನೆಯ ಶಾಲು ಕಾರಿನ ಗಾಲಿಗೆ ಸಿಕ್ಕಿ ಆಕೆ ತೀರಿಕೊಂಡಿದ್ದಳು. ಟ್ರ್ಯಾಕ್ಟರ್ ಟ್ರೇಲರ್‌ನಿಂದ ಬೀಳುವುದು, ಹಿಂದಿನಿಂದ ಗಾಡಿ ಗುದ್ದಿ ತಲೆ ಹಿಂದಕ್ಕೆ ಮುಂದಕ್ಕೆ ಬಡಿಯುವುದು, ಕುಸ್ತಿಯಲ್ಲಿ ಕುತ್ತಿಗೆ ಸಿಕ್ಕಿಹಾಕಿಕೊಳ್ಳುವುದು, ಇವೆಲ್ಲ ಝಟಕಾಗಳೇ. ಇನ್ನು ಕೆಲವರಿಗೆ ಜೋರು ಕೆಮ್ಮು, ಸೀನು, ವಾಂತಿಯಷ್ಟೇ ಸಾಕಾಗುತ್ತದೆ. ಹುಟ್ಟಿನಿಂದಲೇ ನಾಳದ ಗೋಡೆ ಸಡಿಲವಿರುವ ಕಾಯಿಲೆಗಳಿವೆ. ಮೈಗ್ರೇನ್ ತಲೆನೋವು ಇರುವವರಲ್ಲಿ ಸ್ವಲ್ಪ ಹೆಚ್ಚು ಕಾಣುತ್ತದೆ. ಹಲವರಲ್ಲಿ ಯಾವ ಕಾರಣವೂ ಸಿಗುವುದೇ ಇಲ್ಲ.

‘ಪಿತ್ತ ಆಗೇತಿ’ ಅನ್ನುವ ಮೊದಲು

ಕುತ್ತಿಗೆ ನೋವು ಬಂತೆಂದು ಗಾಬರಿಯಾಗುವ ಅಗತ್ಯವಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಎಂಬ ಮಾತಿನಂತೆ, ಅದು ಸ್ನಾಯುವಿನ ನೋವೇ ಆಗಿರುತ್ತದೆ. ಇಡೀ ದಿನ ಹತ್ತಿ ಬಿಡಿಸಿದವರಿಗೆ, ಮೆಣಸಿನಕಾಯಿ ಹರಿದವರಿಗೆ, ರಾತ್ರಿಯೆಲ್ಲ ಬಗ್ಗಿ ಮೊಬೈಲ್ ನೋಡಿದವರಿಗೆ ಬರುವ ನೋವು ಎರಡು ಮೂರು ದಿನಕ್ಕೆ ಕಡಿಮೆಯಾಗುತ್ತದೆ.

ನಾಳ ಸೀಳಿದ ನೋವು ಸಾಮಾನ್ಯವಾಗಿ ಒಂದೇ ಬದಿಗೆ, ಥಟ್ಟನೆ, ಹಿಂದೆಂದೂ ಕಾಣದ ಬಗೆಯಲ್ಲಿ ಬರುತ್ತದೆ. ಕುತ್ತಿಗೆಯ ಪಕ್ಕ, ದವಡೆ, ಕಣ್ಣಿನ ಹಿಂದೆ ಅಥವಾ ಹಿಂದಲೆಯಲ್ಲಿ ಇರಬಹುದು. ನೋವಿನ ಜತೆಗೆ ಇನ್ನೇನಾದರೂ ಕಂಡರೆ ಕಾಯಬಾರದು. ಒಂದು ಕಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದು ಅದೇ ಕಣ್ಣಿನ ಪಾಪೆ ಸಣ್ಣದಾಗಿರುವುದು ಇದರ ವಿಶೇಷ ಗುರುತು. ಕೆರೋಟಿಡ್ ನಾಳಕ್ಕೆ ಅಂಟಿಕೊಂಡೇ ಸಾಗುವ ಸಣ್ಣ ನರಗಳು ನಾಳ ಉಬ್ಬಿದಾಗ ಜಗ್ಗಿ ಹೀಗಾಗುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ತಿಳಿಯುತ್ತದೆ, ಹಳೆಯ ಫೋಟೊ ಜತೆ ಹೋಲಿಸಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕೆಲವರಿಗೆ ಕಿವಿಯಲ್ಲಿ ನಾಡಿ ಬಡಿತಕ್ಕೆ ತಕ್ಕಂತೆ ಸುಯ್‌ಸುಯ್ ಸದ್ದು ಕೇಳುತ್ತದೆ.

ಹಿಂದಿನ ನಾಳದ್ದಾದರೆ ಮೋಸ ಹೋಗುವುದು ಹೆಚ್ಚು. ಬಾಯಿ ಸೊಟ್ಟಗಾಗುವುದಿಲ್ಲ, ಕೈ ಬೀಳುವುದಿಲ್ಲ. ತಲೆ ಸುತ್ತು, ವಾಂತಿ, ನಡೆದರೆ ಒಂದು ಕಡೆ ವಾಲುವುದು, ಒಂದು ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟ, ಬಿಡದ ಬಿಕ್ಕಳಿಕೆ. ನಮ್ಮಲ್ಲಿ ಇದಕ್ಕೆ ಸಿಗುವ ಮೊದಲ ಹೆಸರು ‘ಪಿತ್ತ’, ಎರಡನೆಯದು ‘ಗ್ಯಾಸ್’. ಲಿಂಬೆ ಪಾನಕ ಕುಡಿಸಿ ಮಲಗಿಸುತ್ತಾರೆ. ಹೈದರಾಬಾದಿನಂಥ ಮಹಾನಗರದಲ್ಲೇ ಹೊಟ್ಟೆಯ ಡಾಕ್ಟರ ಬಳಿ ಒಂದು ದಿನ ಕಳೆದುಹೋಗಿತ್ತು ಎಂಬುದನ್ನು ನೆನಪಿಡಿ. ಎದ್ದು ನಿಂತು ನೆಟ್ಟಗೆ ನಡೆಯಲು ಆಗದಂಥ ತಲೆಸುತ್ತು ಪಿತ್ತ ಅಲ್ಲ ಎಂದೇ ತಿಳಿದು ಹೊರಡಿ.

ಇನ್ನು ಎರಡು ಫಾರ್ವರ್ಡ್‌ಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಒಂದು, ಲಕ್ವಾ ಹೊಡೆದಾಗ ಸೂಜಿಯಿಂದ ಹತ್ತೂ ಬೆರಳಿನ ತುದಿ ಚುಚ್ಚಿ ರಕ್ತ ತೆಗೆಯಿರಿ, ಕಿವಿಯ ಹಾಲೆ ಜಗ್ಗಿ ಚುಚ್ಚಿರಿ ಎನ್ನುವುದು. ಹಲವು ಭಾಷೆಗಳಲ್ಲಿ ವರ್ಷಗಟ್ಟಲೆ ಸುತ್ತುತ್ತಿರುವ ಈ ಸಂದೇಶ ಪೂರ್ತಿ ಸುಳ್ಳು. ಬೆರಳ ತುದಿಯ ಎರಡು ಹನಿ ರಕ್ತಕ್ಕೂ ಮಿದುಳಿನ ನಾಳದಲ್ಲಿ ಕೂತ ಹೆಪ್ಪಿಗೂ ಸಂಬಂಧವೇ ಇಲ್ಲ. ಅದರಲ್ಲಿ ‘ರೋಗಿಯನ್ನು ಕದಲಿಸಬೇಡಿ’ ಎಂಬ ಸಾಲೂ ಇರುತ್ತದೆ. ಅದು ಸೂಜಿಗಿಂತ ಕೆಟ್ಟದ್ದು.

ಎರಡನೆಯದು, ಕೂಡಲೇ ಆಸ್ಪಿರಿನ್ ಅಗಿಯಲು ಕೊಡಿ ಎನ್ನುವುದು. ಹೃದಯಾಘಾತಕ್ಕೆ ಹೇಳಿದ ಮಾತು ಇಲ್ಲಿಗೆ ಜಾರಿ ಬಂದಿದೆ. ಪಾರ್ಶ್ವವಾಯುವಿನಲ್ಲಿ ನಾಳ ಮುಚ್ಚಿ ಆಗುವುದು ಒಂದು ಬಗೆ, ನಾಳ ಒಡೆದು ರಕ್ತ ಸೋರಿ ಆಗುವುದು ಇನ್ನೊಂದು ಬಗೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಸೋರುತ್ತಿರುವವರಿಗೆ ಆಸ್ಪಿರಿನ್ ಕೊಟ್ಟರೆ ಸೋರಿಕೆ ಹೆಚ್ಚುತ್ತದೆ. ಸಿಟಿ ಸ್ಕ್ಯಾನ್ ಆಗುವವರೆಗೆ ಯಾವ ಮಾತ್ರೆಯೂ ಬೇಡ, ನೀರೂ ಬೇಡ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ನಾಲ್ಕೂವರೆ ತಾಸು, ಮೂವತ್ತೈದು ಕಿಲೋಮೀಟರ್

ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಆಲ್ಟೆಪ್ಲೇಸ್, ಟೆನೆಕ್ಟೆಪ್ಲೇಸ್ ಅವುಗಳ ಹೆಸರು. ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ. ಕುತ್ತಿಗೆಯ ನಾಳ ಸೀಳಿದ್ದರಿಂದ ಆದ ಪಾರ್ಶ್ವವಾಯುವಿಗೂ ಇದನ್ನು ಕೊಡಬಹುದು. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ಬಳಿಯಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಹೊರತೆಗೆಯುವ ವಿಧಾನವೂ ಇದೆ. ಅದಕ್ಕೆ ಸಾಮಾನ್ಯವಾಗಿ 6 ತಾಸು, ಆಯ್ದ ರೋಗಿಗಳಲ್ಲಿ 24 ತಾಸಿನವರೆಗೂ ಸಮಯ ಇರುತ್ತದೆ.

ನವಲಗುಂದ, ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಸುಮಾರು 35 ಕಿ.ಮೀ. ಕಲಘಟಗಿಯಿಂದ ಸುಮಾರು 30, ಕುಂದಗೋಳದಿಂದ ಸುಮಾರು 20. ದಾರಿಯ ಲೆಕ್ಕದಲ್ಲಿ ಇದು ಒಂದು ತಾಸಿನ ಪ್ರಯಾಣ. ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿದ ದಿನಗಳ ಮಾತು ಬೇರೆ. ಹಾಗಿದ್ದರೆ ನಾಲ್ಕೂವರೆ ತಾಸು ಧಾರಾಳ ಅಲ್ಲವೇ? ಲೆಕ್ಕ ಹಾಕಿ ನೋಡಿ. ಬೆಳಗ್ಗೆ 7ಕ್ಕೆ ಹೊಲದಲ್ಲಿ ಕೈ ಸೋತಿತು. ‘ಸ್ವಲ್ಪ ಹೊತ್ತು ಮಲಗಿದರೆ ಸರಿಹೋದೀತು’ ಎಂದು 8ರವರೆಗೆ ಕಳೆಯಿತು. ಮನೆಗೆ ತಂದು ಎಣ್ಣೆ ತಿಕ್ಕಿ, ಹಿರಿಯರನ್ನು ಕೇಳಿ, ಊರಿನ ಡಾಕ್ಟರ ಹತ್ತಿರ ಒಂದು ಇಂಜೆಕ್ಷನ್ ಮಾಡಿಸುವಾಗ 9.30. ಲಕ್ವಾಕ್ಕೆ ನಾಟಿ ಔಷಧ ಕೊಡುವ ಊರಿಗೆ ಹೋಗಬೇಕೋ ಆಸ್ಪತ್ರೆಗೋ ಎಂಬ ಚರ್ಚೆಯಲ್ಲಿ 10.30. ಹುಬ್ಬಳ್ಳಿ ಮುಟ್ಟುವಾಗ 12. ಅವಧಿ 11.30ಕ್ಕೇ ಮುಗಿದಿತ್ತು. ಸಮಯ ತಿಂದದ್ದು ರಸ್ತೆಯಲ್ಲ.

ಆದ್ದರಿಂದ ಮುಖ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಥಟ್ಟನೆ ಸಮತೋಲನ ಇಲ್ಲವೇ ದೃಷ್ಟಿ ತಪ್ಪಿದರೆ 108ಕ್ಕೆ ಕರೆ ಮಾಡಿ, ‘ಪಾರ್ಶ್ವವಾಯು ಇರಬಹುದು’ ಎಂದೇ ಹೇಳಿ. ಸಿಟಿ ಸ್ಕ್ಯಾನ್ ಇರುವ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಆಸ್ಪತ್ರೆಗೇ ನೇರ ಹೋಗಬೇಕು ಎಂದು ಕೇಳಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಜನರ ಬಾಯಲ್ಲಿ ಇಂದಿಗೂ ಕಿಮ್ಸ್) ನಮ್ಮ ಭಾಗದ ದೊಡ್ಡ ಸರ್ಕಾರಿ ಆಸ್ಪತ್ರೆ. ರೇಷನ್ ಕಾರ್ಡ್, ಆಧಾರ್ ಹುಡುಕುತ್ತ ಕೂರಬೇಡಿ, ಅವನ್ನು ಇನ್ನೊಬ್ಬರು ಹಿಂದಿನಿಂದ ತರಲಿ. ಒಂದನ್ನು ಮಾತ್ರ ಬರೆದಿಟ್ಟುಕೊಳ್ಳಿ: ರೋಗಿ ಕೊನೆಯ ಬಾರಿ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ? ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಅದೇ. ಹಿಂದಿನ ದಿನಗಳಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದಿತ್ತೇ, ಯಾರಾದರೂ ತಿರುವಿದ್ದರೇ, ನೋವಿತ್ತೇ ಎಂಬುದನ್ನು ಕೇಳದಿದ್ದರೂ ಹೇಳಿ. ಮಿದುಳಿನ ಸ್ಕ್ಯಾನ್ ಒಂದರಿಂದಲೇ ಕುತ್ತಿಗೆಯ ಸೀಳು ತಿಳಿಯುವುದಿಲ್ಲ. ನಾಳಕ್ಕೆ ಬಣ್ಣದ ಔಷಧ ಬಿಟ್ಟು ತೆಗೆಯುವ ಸಿಟಿ ಆಂಜಿಯೊಗ್ರಾಂ ಅಥವಾ ಕುತ್ತಿಗೆಯ ಎಂಆರ್‌ಐ ಬೇಕು. ಎಂಆರ್‌ಐನಲ್ಲಿ ಸೀಳಿನೊಳಗೆ ನಿಂತ ರಕ್ತ ಬಿದಿಗೆ ಚಂದ್ರನ ಆಕಾರದಲ್ಲಿ ಬೆಳ್ಳಗೆ ಕಾಣುತ್ತದೆ.

ಹೊಲಿಗೆ ಹಾಕುತ್ತಾರೆಯೇ?

ಹರಿದಿದೆ ಎಂದ ಕೂಡಲೇ ಮನೆಯವರು ಕೇಳುವುದು ‘ಆಪರೇಷನ್ ಯಾವಾಗ?’ ಎಂದು. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಸೀಳಿದ ಪದರವನ್ನು ದೇಹವೇ ಕೂಡಿಸಿಕೊಳ್ಳುತ್ತದೆ. ಹೆಚ್ಚಿನ ಸೀಳುಗಳು ಮೂರರಿಂದ ಆರು ತಿಂಗಳಲ್ಲಿ ಮಾಯುತ್ತವೆ. ಅಲ್ಲಿಯವರೆಗೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಔಷಧ ಕೊಟ್ಟರೂ ಮತ್ತೆ ಮತ್ತೆ ತೊಂದರೆಯಾದರೆ, ಮಿದುಳಿಗೆ ರಕ್ತವೇ ಸಾಲದಿದ್ದರೆ ಮಾತ್ರ ಸ್ಟೆಂಟ್ ಯೋಚಿಸುತ್ತಾರೆ.

ಔಷಧದಲ್ಲಿ ಎರಡು ದಾರಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥವು ರಕ್ತದ ಸಣ್ಣ ಕಣಗಳು ಅಂಟಿಕೊಳ್ಳದಂತೆ ತಡೆಯುತ್ತವೆ. ಹೆಪಾರಿನ್ ಚುಚ್ಚುಮದ್ದು, ವಾರ್ಫರಿನ್, ಅಸಿಟ್ರೋಮ್‌ನಂಥವು ಹೆಪ್ಪಾಗುವ ಕ್ರಿಯೆಯನ್ನೇ ನಿಧಾನಗೊಳಿಸುತ್ತವೆ. ಯಾವುದು ಮೇಲು? ಬ್ರಿಟನ್, ಆಸ್ಟ್ರೇಲಿಯಾದಲ್ಲಿ 250 ರೋಗಿಗಳ ಮೇಲೆ ನಡೆದ ಕೆಡಿಸ್ ಎಂಬ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ಮೂರು ತಿಂಗಳಲ್ಲಿ ಮೊದಲ ಬಗೆಯ ಔಷಧ ಪಡೆದ 126 ಜನರಲ್ಲಿ ಮೂವರಿಗೆ, ಎರಡನೆಯ ಬಗೆ ಪಡೆದ 124 ಜನರಲ್ಲಿ ಒಬ್ಬರಿಗೆ ಪಾರ್ಶ್ವವಾಯು ಆಯಿತು. ಇಷ್ಟು ಕಡಿಮೆ ಸಂಖ್ಯೆಯಲ್ಲಿ ಯಾವುದು ಗೆದ್ದಿತೆಂದು ಹೇಳಲಾಗದು. ಅದರಲ್ಲೂ ಸ್ಕ್ಯಾನ್‌ಗಳನ್ನು ತಜ್ಞರು ಮತ್ತೆ ನೋಡಿದಾಗ 52 ಜನರಲ್ಲಿ ಸೀಳು ಇದೆ ಎಂಬುದೇ ದೃಢಪಡಲಿಲ್ಲ! 2021ರಲ್ಲಿ ಯೂರೋಪಿನ ಟ್ರೀಟ್-ಕ್ಯಾಡ್ ಪರೀಕ್ಷೆ, ಆಸ್ಪಿರಿನ್ ಎರಡನೆಯ ಬಗೆಗಿಂತ ಕಡಿಮೆಯೇನಲ್ಲ ಎಂದು ತೋರಿಸಲು ಹೊರಟು ತೋರಿಸಲಾಗಲಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2024ರ ಹೇಳಿಕೆಯಲ್ಲೂ ರೋಗಿಯನ್ನು ನೋಡಿ ವೈದ್ಯರು ಆರಿಸಬೇಕು ಎಂದೇ ಇದೆ. ಹಾಗಾಗಿ ಒಂದೇ ಕಾಯಿಲೆಗೆ ಇಬ್ಬರು ಡಾಕ್ಟರರು ಬೇರೆ ಬೇರೆ ಮಾತ್ರೆ ಬರೆದರೆ ಅವರಲ್ಲೊಬ್ಬರು ತಪ್ಪಿದ್ದಾರೆ ಎಂದರ್ಥವಲ್ಲ.

ಈ ಮಾತ್ರೆಗಳೊಂದಿಗೆ ಮೂರು, ಆರು ತಿಂಗಳು ಹಳ್ಳಿಯಲ್ಲಿ ಬದುಕುವುದು ನಿಜವಾದ ಕೆಲಸ. ವಾರ್ಫರಿನ್, ಅಸಿಟ್ರೋಮ್ ಬಗೆಯ ಮಾತ್ರೆ ಇದ್ದರೆ ಐಎನ್‌ಆರ್ ಎಂಬ ರಕ್ತಪರೀಕ್ಷೆ ಆಗಾಗ ಮಾಡಿಸಲೇಬೇಕು, ಅದು ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಹಸಿರು ಸೊಪ್ಪಿನಲ್ಲಿರುವ ಕೆ ವಿಟಮಿನ್ ಈ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ. ರೊಟ್ಟಿಯ ಜತೆ ಹಸಿ ಮೆಂತ್ಯೆ, ಹಕ್ಕರಕಿ ತಿನ್ನುವ ನಮ್ಮವರಿಗೆ ‘ಸೊಪ್ಪು ಬಿಡಿ’ ಎಂದು ಯಾರಾದರೂ ಹೇಳಿರುತ್ತಾರೆ. ಬಿಡಬೇಕಿಲ್ಲ. ದಿನಾ ಹೆಚ್ಚುಕಡಿಮೆ ಅಷ್ಟೇ ತಿನ್ನಿ. ಒಂದು ವಾರ ಸೂಡುಗಟ್ಟಲೆ, ಇನ್ನೊಂದು ವಾರ ಏನೂ ಇಲ್ಲ ಎಂದಾದರೆ ಪರೀಕ್ಷೆಯ ಸಂಖ್ಯೆ ಏರುಪೇರಾಗುತ್ತದೆ.

ಸೊಪ್ಪಿಗಿಂತ ಅಪಾಯ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥವು ರಕ್ತ ತೆಳುವಾಗಿಸುವ ಔಷಧದ ಜತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಮೈಕೈ ನೋವಿಗೆ ಸೊಂಟಕ್ಕೆ ‘ಸೂಜಿ’ ಮಾಡಿಸಿಕೊಳ್ಳುವ ರೂಢಿಯನ್ನೂ ಬಿಡಬೇಕು, ಚುಚ್ಚಿದಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ. ಹಲ್ಲು ಕೀಳಿಸುವ ಮೊದಲು ಹೇಳಿ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ ಆಸ್ಪತ್ರೆಗೆ ಹೋಗಿ. ಆರಾಮಾಯಿತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ, ನೋವು ಹೋದ ಮೇಲೂ ಸೀಳು ಮಾಯ್ದಿರುವುದಿಲ್ಲ.

‘ಆರಾಮ್ ಇರ್ರಿ’ ಎಂದು ಡಾಕ್ಟರ್ ಹೇಳಿದಾಗ ನಿಮ್ಮ ಕೆಲಸ ಯಾವುದೆಂದು ಬಿಡಿಸಿ ಹೇಳಿ. ನಗರದ ರೋಗಿಗೆ ಆರಾಮ ಎಂದರೆ ಜಿಮ್ ಬಿಡುವುದು. ನಮ್ಮಲ್ಲಿ ಅದು ತಲೆಯ ಮೇಲಿನ ಕೊಡ, ಮೇವಿನ ಹೊರೆ, ಗೊಬ್ಬರದ ಬುಟ್ಟಿ, ಬೆನ್ನ ಮೇಲಿನ ಚೀಲ. ಮಾಯುವವರೆಗೆ ಇವು ಬೇಡ. ಕುಸ್ತಿಯಂತೂ ಬೇಡವೇ ಬೇಡ. ನಡೆಯುವುದು, ಮನೆಯ ಹಗುರ ಕೆಲಸ, ಪಾರ್ಶ್ವವಾಯು ಆಗಿದ್ದರೆ ಫಿಸಿಯೊಥೆರಪಿ, ಇವನ್ನು ನಿಲ್ಲಿಸಬಾರದು.

ಮೂರರಿಂದ ಆರು ತಿಂಗಳಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ಕೆಲವರಲ್ಲಿ ನಾಳ ಪೂರ್ತಿ ತೆರೆದಿರುತ್ತದೆ, ಕೆಲವರಲ್ಲಿ ಮುಚ್ಚಿಯೇ ಇರುತ್ತದೆ, ಉಳಿದ ಮೂರು ನಾಳಗಳು ಕೆಲಸ ಹಂಚಿಕೊಂಡಿರುತ್ತವೆ. ಮತ್ತೆ ಸೀಳುವುದು ಅಪರೂಪ. ಆಮೇಲೆ ಕಟಿಂಗ್, ದಾಡಿ, ತಲೆಗೆ ಎಣ್ಣೆ ಎಲ್ಲವನ್ನೂ ಮೊದಲಿನಂತೆ ಮಾಡಿಸಬಹುದು. ಪಾರ್ಲರ್‌ನಲ್ಲಿ ಕೂದಲು ತೊಳೆಸುವಾಗ ಕುತ್ತಿಗೆ ಬೇಸಿನ್‌ನ ಅಂಚಿಗೆ ಒತ್ತದಂತೆ ದಪ್ಪ ಟವೆಲ್ ಹಾಕಿಸಿ, ಇಲ್ಲವೇ ಮುಂದಕ್ಕೆ ಬಗ್ಗಿ ತೊಳೆಸಿಕೊಳ್ಳಿ. ನೆಟಿಗೆ ಮಾತ್ರ ಇನ್ನೆಂದೂ ಬೇಡ.